ಬೆಸುಗೆಯಂತ್ರವೂ ಮೇ ತಿಂಗಳ ಬಿಸಿಲೂ

ಕಲಬುರಗಿ ಸೀಮೆಯ ರೈತನಿಗೆ ಮೇ ತಿಂಗಳು ಹೊಲದಲ್ಲಿ ಬಿಡುವಿನ ಕಾಲ. ಅವನ ಉಪಕರಣಗಳಿಗಾದರೋ ದುರಸ್ತಿಯ ಕಾಲ. ಮುಂಗಾರಿನ ಮೊದಲ ಹದಮಳೆ ಬೀಳುತ್ತಲೇ ತೊಗರಿ, ಹೆಸರು, ಉದ್ದುಗಳ ಬಿತ್ತನೆ ಆರಂಭವಾಗಬೇಕು. ಅಷ್ಟರೊಳಗೆ ಮುರಿದ ಕುಂಟೆಯ ತಾಳು, ಬಿರುಕು ಬಿಟ್ಟ ಟ್ರಾಲಿಯ ಕೊಂಡಿ, ಸವೆದ ಕೂರಿಗೆಯ ಕಾಲು ಎಲ್ಲವೂ ಸಜ್ಜಾಗಿರಬೇಕು. ಹಿಂದೆ ಇವಕ್ಕೆಲ್ಲ ಕಮ್ಮಾರನ ಕುಲುಮೆಯೇ ಗತಿಯಾಗಿತ್ತು. ಈಗ ಕೈಯಲ್ಲಿ ಎತ್ತಿ ಒಯ್ಯಬಹುದಾದ ಸಣ್ಣ ಬೆಸುಗೆಯಂತ್ರಗಳು ಬಂದಿವೆ. ಮನೆಯ ಪಕ್ಕದ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಜೊತೆಗೆ ಇಂಥದೊಂದು ಯಂತ್ರವನ್ನು ಇಟ್ಟುಕೊಳ್ಳುವುದು ಹಳ್ಳಿಗಳಲ್ಲಿಯೂ ಅಪರೂಪವಲ್ಲ.

ಯಂತ್ರವನ್ನು ಕೊಂಡುತರುವುದು ಸುಲಭ. ಅದಕ್ಕೆ ವಿದ್ಯುತ್ತನ್ನು ಒದಗಿಸುವುದು ಹೇಗೆ? ಗೋಡೆಯಲ್ಲಿ ಪಂಖದ ಸ್ವಿಚ್ಚಿನ ಪಕ್ಕದಲ್ಲಿರುವ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಲದೇ? ಸಾಲದು. ಏಕೆ ಸಾಲದೆಂಬುದನ್ನು ವಿಚಾರ ಮಾಡುವಾಗ ಓಮ್ ಮತ್ತು ಜೂಲ್ ಎಂಬ ವಿಜ್ಞಾನಿಗಳ ನಿಯಮಗಳು ಪಠ್ಯಪುಸ್ತಕದ ಪುಟಗಳಿಂದ ಎದ್ದುಬಂದು ನಮ್ಮ ಪ್ರಾಣದ ಕಾವಲಿಗೆ ನಿಲ್ಲುವುದನ್ನು ಕಾಣಬಹುದು. ಅದಕ್ಕಾಗಿ ಚಿತ್ತಾಪುರ ಸೀಮೆಯ ಗುಂಡಗುರ್ತಿಯಂಥ ಊರಿನಲ್ಲಿ ಒಂದು ಶೆಡ್ಡನ್ನು ಕಲ್ಪಿಸಿಕೊಳ್ಳೋಣ. ಮೀಟರು ಮನೆಯ ಮುಂಭಾಗದಲ್ಲಿದೆ. ಶೆಡ್ಡು ಅಲ್ಲಿಂದ ೩೦ ಮೀಟರ್ ದೂರದಲ್ಲಿದೆ. ಗೋಡೆ ಕಲ್ಲಿನದು, ಮೇಲಿನ ಹೊದಿಕೆ ತಗಡಿನದು.

ಯಂತ್ರದ ಹಸಿವು ಎಷ್ಟು?

ವಿದ್ಯುಚ್ಚಾಪದ ಶಾಖದಿಂದ ಲೋಹಗಳನ್ನು ಬೆಸೆಯುವ ವಿಧಾನವನ್ನು ರಷ್ಯದ ನಿಕೊಲಾಯ್ ಬೆನಾರ್ಡೋಸ್ ೧೮೮೧ರಲ್ಲಿ ಇಂಗಾಲದ ಕಡ್ಡಿಯನ್ನು ಬಳಸಿ ಸಾಧಿಸಿದನು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸ್ವೀಡನ್ನಿನ ಆಸ್ಕರ್ ಷೆಲ್‌ಬರ್ಗನು ಲೇಪನವುಳ್ಳ ಲೋಹದ ಕಡ್ಡಿಯನ್ನು ರೂಪಿಸಿದನು. ನಮ್ಮ ಶೆಡ್ಡಿನಲ್ಲಿ ಉರಿಯುವುದು ಆ ಕಡ್ಡಿಯ ಸಂತತಿಯೇ.

ಕಡ್ಡಿಯ ತುದಿಗೂ ಕಬ್ಬಿಣಕ್ಕೂ ನಡುವಣ ಚಾಪಕ್ಕೆ ಬೇಕಾಗುವ ವೋಲ್ಟೇಜು ಸ್ವಲ್ಪ, ಪ್ರವಾಹ ಬಹಳ. ನಾಲ್ಕು ಮಿಲಿಮೀಟರ್ ದಪ್ಪದ ಕಡ್ಡಿಗೆ ಸುಮಾರು ೧೫೦ ಆಂಪಿಯರ್ ಪ್ರವಾಹವೂ ೨೬ ವೋಲ್ಟಿನಷ್ಟು ವಿಭವವೂ ಬೇಕು. ಇವೆರಡರ ಗುಣಲಬ್ಧ ೩,೯೦೦ ವ್ಯಾಟ್. ಯಂತ್ರದೊಳಗಿನ ಪರಿವರ್ತಕವು ೨೩೦ ವೋಲ್ಟನ್ನು ತಗ್ಗಿಸಿ ಪ್ರವಾಹವನ್ನು ಹಿಗ್ಗಿಸುತ್ತದೆ. ಈ ಕಾರ್ಯದಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ಯಂತ್ರದ ದಕ್ಷತೆ ನೂರಕ್ಕೆ ೮೦ ಎಂದೂ ಅದರ ಸಾಮರ್ಥ್ಯಾಂಶ, ಎಂದರೆ ಪವರ್ ಫ್ಯಾಕ್ಟರು, ೦.೭ ಎಂದೂ ಇಟ್ಟುಕೊಂಡರೆ ಮೀಟರಿನ ಕಡೆಯಿಂದ ಹರಿದು ಬರಬೇಕಾದ ಪ್ರವಾಹ ಸುಮಾರು ೩೦ ಆಂಪಿಯರ್ ಆಗುತ್ತದೆ. ಮನೆಯ ದೊಡ್ಡ ಸಾಕೆಟ್ಟಿನ ಮಿತಿ ೧೬ ಆಂಪಿಯರ್ ಮಾತ್ರ. ಆದ್ದರಿಂದ ಈ ಯಂತ್ರಕ್ಕೆ ಮೀಟರಿನ ಹಲಗೆಯಿಂದಲೇ ಹೊರಡುವ, ಬೇರಾವ ದೀಪಕ್ಕೂ ಪಂಖಕ್ಕೂ ಪಾಲಿಲ್ಲದ, ಪ್ರತ್ಯೇಕವಾದ ವಿದ್ಯುನ್ಮಾರ್ಗವೊಂದು ಬೇಕು.

ಇಲ್ಲಿಯೇ ಇನ್ನೊಂದು ಮಾತು. ೨೩೦ ವೋಲ್ಟಿನಲ್ಲಿ ೩೦ ಆಂಪಿಯರ್ ಎಂದರೆ ಸುಮಾರು ೭ ಕಿಲೊವೋಲ್ಟ್-ಆಂಪಿಯರ್. ಹಳ್ಳಿಯ ಕಂಬದ ಮೇಲಿರುವ ೨೫ ಕಿಲೊವೋಲ್ಟ್-ಆಂಪಿಯರಿನ ಪರಿವರ್ತಕಕ್ಕೆ ಇದು ಕಾಲುಭಾಗಕ್ಕೂ ಮೀರಿದ ಹೊರೆ. ವಿದ್ಯುತ್ ಸರಬರಾಜು ಕಂಪನಿಗೆ ತಿಳಿಸಿ ಮಂಜೂರಾದ ಹೊರೆಯನ್ನು ಹೆಚ್ಚಿಸಿಕೊಳ್ಳದೆ ಯಂತ್ರವನ್ನು ನಡೆಸಿದರೆ ಚಾಪ ಹೊತ್ತಿದಾಗಲೆಲ್ಲ ನೆರೆಮನೆಯ ದೀಪ ಮಂಕಾಗುತ್ತದೆ.

ತಂತಿ ಬಿಸಿಯಾಗುವ ಬಗೆ

ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಗುಣವಾಗಿರುತ್ತದೆಂಬುದು ಜೂಲನ ನಿಯಮ. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯ ರೋಧ ೨೦ ಡಿಗ್ರಿಯಲ್ಲಿ ೦.೦೧೭೨ ಓಮ್. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ೨.೫ ಚದರ ಮಿಲಿಮೀಟರಿನ ತಂತಿಯಲ್ಲಿ ೩೦ ಆಂಪಿಯರ್ ಹರಿದರೆ ಪ್ರತಿಯೊಂದು ಮೀಟರಿನಲ್ಲಿಯೂ ೬.೨ ವ್ಯಾಟ್ ಶಾಖ ಹುಟ್ಟುತ್ತದೆ. ೬ ಚದರ ಮಿಲಿಮೀಟರಿನ ತಂತಿಯಲ್ಲಾದರೆ ೨.೬ ವ್ಯಾಟ್ ಮಾತ್ರ.

ಈ ಶಾಖ ಹೊರಗಿನ ಗಾಳಿಗೆ ಹೋಗಿ ಸೇರಬೇಕು. ಅದು ಹೋಗುವಂತಾಗಲು ತಂತಿ ಸುತ್ತಣ ಗಾಳಿಗಿಂತ ಬಿಸಿಯಾಗಿರಬೇಕು. ಹುಟ್ಟುವ ಶಾಖವೂ ಹೊರಟುಹೋಗುವ ಶಾಖವೂ ಸಮವಾದಾಗ ತಂತಿಯ ಉಷ್ಣತೆ ಏರುವುದನ್ನು ನಿಲ್ಲಿಸುತ್ತದೆ. ಹೀಗೆ ಸುತ್ತಣ ಗಾಳಿಗಿಂತ ತಂತಿ ಎಷ್ಟು ಡಿಗ್ರಿ ಮೇಲೇರುತ್ತದೆಂಬುದು, ಸ್ಥೂಲವಾಗಿ ಹೇಳುವುದಾದರೆ, ಪ್ರವಾಹದ ವರ್ಗವನ್ನೇ ಅನುಸರಿಸುತ್ತದೆ. ತಂತಿಯ ಮೇಲಣ ಪಿವಿಸಿ ಹೊದಿಕೆ ೭೦ ಡಿಗ್ರಿಯವರೆಗೆ ಬಾಳುತ್ತದೆ. ಆಚೆಗೆ ಅದು ಮೆತ್ತಗಾಗಿ, ಕಾಲಕ್ರಮದಲ್ಲಿ ಪೆಡಸಾಗಿ, ಬಿರುಕು ಬಿಡುತ್ತದೆ. ಬೆಂಕಿಯ ಅನಾಹುತಗಳು ಅನೇಕ ವೇಳೆ ಹುಟ್ಟುವುದು ಇಂಥ ಬಿರುಕಿನಲ್ಲಿ.

ಗೋಡೆಯ ಮೇಲಿನ ಕೊಳವೆಯಲ್ಲಿ ಹಾಯಿಸಿದ ಪಿವಿಸಿ ಹೊದಿಕೆಯ ತಾಮ್ರದ ಜೋಡಿತಂತಿಗಳು ಹೊರಬಲ್ಲ ಪ್ರವಾಹವನ್ನು ಅಂತರರಾಷ್ಟ್ರೀಯ ಕೋಷ್ಟಕಗಳು ಹೀಗೆ ಹೇಳುತ್ತವೆ: ೨.೫ ಚದರ ಮಿಲಿಮೀಟರಿಗೆ ೨೪ ಆಂಪಿಯರ್, ೪ಕ್ಕೆ ೩೨, ೬ಕ್ಕೆ ೪೧, ೧೦ಕ್ಕೆ ೫೭. ಕೋಷ್ಟಕವನ್ನು ನೋಡಿದವನು ‘೩೦ ಆಂಪಿಯರಿಗೆ ೪ ಚದರ ಮಿಲಿಮೀಟರ್ ಸಾಕು’ ಎಂದುಬಿಟ್ಟಾನು. ಆದರೆ ಆ ಅಂಕಿಗಳು ಸುತ್ತಣ ಗಾಳಿ ೩೦ ಡಿಗ್ರಿಯಲ್ಲಿದ್ದಾಗ ಸಲ್ಲುವಂಥವು. ಮೇ ತಿಂಗಳಲ್ಲಿ ಸೇಡಂ, ಚಿತ್ತಾಪುರ, ವಾಡಿಗಳ ಕಡೆ ನೆರಳಿನಲ್ಲಿಯೇ ೪೦ ಡಿಗ್ರಿ ಮೀರುವುದು ವಾಡಿಕೆ. ಬಿಸಿಲು ಕುಡಿದ ಕಲ್ಲಿನ ಗೋಡೆಯ ಬಳಿ ೪೫ ಡಿಗ್ರಿಯೆಂದೂ, ಕಾದ ತಗಡಿನ ಕೆಳಗೆ ೫೫ ಡಿಗ್ರಿಯೆಂದೂ ಭಾವಿಸಿದರೆ ಅತಿಶಯೋಕ್ತಿಯಲ್ಲ.

ಈಗ ಲೆಕ್ಕ ಮಾಡೋಣ. ೩೦ ಡಿಗ್ರಿಯ ಗಾಳಿಯಲ್ಲಿ ತಂತಿಗೆ ೪೦ ಡಿಗ್ರಿ ಮೇಲೇರುವ ಅವಕಾಶವಿತ್ತು. ೪೫ ಡಿಗ್ರಿಯ ಗಾಳಿಯಲ್ಲಿ ೨೫ ಡಿಗ್ರಿಯಷ್ಟೇ ಅವಕಾಶ. ಏರಿಕೆಯು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ಹೊರಬಲ್ಲ ಪ್ರವಾಹವು ೨೫ನ್ನು ೪೦ರಿಂದ ಭಾಗಿಸಿ ಬಂದುದರ ವರ್ಗಮೂಲದಷ್ಟು, ಎಂದರೆ ೦.೭೯ರಷ್ಟು ಆಗುತ್ತದೆ. ೪ ಚದರ ಮಿಲಿಮೀಟರಿನ ತಂತಿಯ ೩೨ ಆಂಪಿಯರ್ ಈಗ ೨೫ಕ್ಕೆ ಇಳಿಯಿತು. ೬ರ ತಂತಿಯ ೪೧ ಆಂಪಿಯರ್ ೩೨ಕ್ಕೆ ಇಳಿಯಿತು. ತಗಡಿನ ಕೆಳಗಣ ೫೫ ಡಿಗ್ರಿಯಲ್ಲಾದರೆ ಗುಣಕ ೦.೬೧, ಅಲ್ಲಿ ೬ರ ತಂತಿಯೂ ಹೊರುವುದು ೨೫ ಆಂಪಿಯರನ್ನು ಮಾತ್ರ. ಆದುದರಿಂದ ನಮ್ಮ ಶೆಡ್ಡಿಗೆ ೬ ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕು; ಅದು ತಗಡಿಗೆ ತಾಗಿಕೊಂಡು ಸಾಗದೆ ಗೋಡೆಯ ನೆರಳಿನ ಕಡೆ, ಕೆಳಮಟ್ಟದಲ್ಲಿ ಸಾಗಬೇಕು. ತಗಡಿನ ಕೆಳಗೇ ಹಾಯಿಸುವುದು ಅನಿವಾರ್ಯವಾದರೆ ೧೦ ಚದರ ಮಿಲಿಮೀಟರಿನ ತಂತಿಯನ್ನು ಆರಿಸಬೇಕು. ತಂತಿಯ ದಾರಿಯನ್ನು ಬದಲಾಯಿಸುವುದರಿಂದಲೇ ಅದರ ಬಲ ಹೆಚ್ಚುಕಡಮೆಯಾಗುತ್ತದೆಂಬುದು ಮೊದಲು ಕೇಳಿದಾಗ ವಿಚಿತ್ರವಾಗಿ ತೋರುತ್ತದೆ. ಲೆಕ್ಕ ಮಾಡಿದ ಮೇಲೆ ಸಹಜವೆನಿಸುತ್ತದೆ.

ಒಂದು ಜಾಣ ವಾದ ಮತ್ತು ಅದರ ದೋಷ

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬ ಆಕ್ಷೇಪವೆತ್ತಬಹುದು: ‘ಬೆಸುಗೆ ಹಾಕುವವನು ಎಡೆಬಿಡದೆ ಚಾಪ ಉರಿಸುವುದಿಲ್ಲ. ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಉರಿಸಿ, ಆರು ನಿಮಿಷ ಕಡ್ಡಿ ಬದಲಿಸುತ್ತಾನೆ, ಕಿಟ್ಟ ಕುಟ್ಟುತ್ತಾನೆ. ಹಾಗಿದ್ದ ಮೇಲೆ ಇಷ್ಟು ದಪ್ಪ ತಂತಿ ಏಕೆ?’ ಎಂದು. ಆಕ್ಷೇಪ ಸಾರವಿಲ್ಲದ್ದಲ್ಲ. ಶಾಖವನ್ನು ನಿರ್ಧರಿಸುವುದು ಪ್ರವಾಹದ ಸರಾಸರಿಯಲ್ಲ, ಅದರ ವರ್ಗದ ಸರಾಸರಿ. ೩೦ರ ವರ್ಗ ೯೦೦. ಅದರಲ್ಲಿ ಹತ್ತರಲ್ಲಿ ನಾಲ್ಕು ಭಾಗ ೩೬೦. ಅದರ ವರ್ಗಮೂಲ ೧೯. ಎಂದರೆ ತಂತಿಗೆ ೧೯ ಆಂಪಿಯರ್ ಸತತವಾಗಿ ಹರಿದಷ್ಟೇ ಶಾಖ. ೨.೫ರ ತಂತಿ ೪೫ ಡಿಗ್ರಿಯಲ್ಲಿ ಹೊರಬಲ್ಲ ಪ್ರವಾಹವೂ ೧೯ ಆಂಪಿಯರೇ! ಹಾಗಾದರೆ ತೆಳ್ಳನೆಯ ತಂತಿಯೇ ಸಾಕಾಯಿತಲ್ಲವೇ?

ಇಲ್ಲ. ತಂತಿಯನ್ನು ಕಾಯುವ ವಿಚ್ಛೇದಕವು, ಎಂದರೆ ಅಂಗಡಿಯಲ್ಲಿ ಎಂಸಿಬಿ ಎಂದು ಕರೆಯುವ ಸಾಧನವು, ೩೦ ಆಂಪಿಯರನ್ನು ಬಿಡಲೇಬೇಕು. ಇಲ್ಲವಾದರೆ ಬೆಸುಗೆಯೇ ನಡೆಯದು. ಆದುದರಿಂದ ೩೨ ಆಂಪಿಯರಿನ ವಿಚ್ಛೇದಕವನ್ನು ಇಡುತ್ತೇವೆ. ಅದು ೩೦ ಆಂಪಿಯರನ್ನು ದಿನವಿಡೀ ಬೇಕಾದರೂ ಬಿಡುತ್ತದೆ. ೩೩ಕ್ಕೂ ಅದು ಕಡಿಯುವುದಿಲ್ಲ. ೪೬ ಆಂಪಿಯರ್ ಹರಿದಾಗಲೂ ಕಡಿಯಲು ಒಂದು ಗಂಟೆಯವರೆಗೆ ಅವಕಾಶ ಉಂಟು. ನಾಳೆ ಮಳೆ ಬಂದೀತೆಂಬ ಅವಸರದಲ್ಲಿ ಗಡಿಯಾರ ನೋಡುವವರಾರು? ಒಬ್ಬನು ಕಡ್ಡಿ ಕೊಡುತ್ತಿರಲು ಇನ್ನೊಬ್ಬನು ಬಿಡುವಿಲ್ಲದೆ ಬೆಸೆಯುತ್ತಾನೆ. ಆಗ ೨.೫ರ ತಂತಿಯ ಗತಿಯೇನು? ೨೪ ಆಂಪಿಯರಿಗೆ ೪೦ ಡಿಗ್ರಿ ಏರುವ ತಂತಿ ೩೦ ಆಂಪಿಯರಿಗೆ ೬೨ ಡಿಗ್ರಿ ಏರುತ್ತದೆ. ಸುತ್ತಣ ೪೫ಕ್ಕೆ ಇದನ್ನು ಕೂಡಿದರೆ ೧೦೭ ಡಿಗ್ರಿ! ನೀರು ಕುದಿಯುವುದಕ್ಕಿಂತ ಹೆಚ್ಚಿನ ಕಾವು. ೬ರ ತಂತಿಯಾದರೆ ೨೧ ಡಿಗ್ರಿ ಮಾತ್ರ ಏರಿ ೬೬ರಲ್ಲಿ ನಿಲ್ಲುತ್ತದೆ. ವಿಚ್ಛೇದಕ ಎಷ್ಟನ್ನು ಬಿಡುತ್ತದೆಯೋ ಅಷ್ಟನ್ನು ತಂತಿ ಸತತವಾಗಿ ಹೊರಬಲ್ಲುದಾಗಿರಬೇಕೆಂಬುದೇ ಇಲ್ಲಿನ ಸೂತ್ರ.

ದಪ್ಪ ತಂತಿಯಿಂದ ಇನ್ನೊಂದು ಲಾಭವೂ ಇದೆ. ಹೋಗಿಬರುವ ದಾರಿ ೬೦ ಮೀಟರ್. ೨.೫ರ ತಂತಿಯಲ್ಲಿ ಈ ಉದ್ದಕ್ಕೆ ೧೨ ವೋಲ್ಟಿಗೂ ಹೆಚ್ಚು ನಷ್ಟ. ತಾಮ್ರ ಬಿಸಿಯಾದಂತೆ ರೋಧ ಏರುವುದರಿಂದ ಅದು ೧೫ ವೋಲ್ಟಿನ ಸಮೀಪಕ್ಕೆ ಹೋಗುತ್ತದೆ. ೬ರ ತಂತಿಯಲ್ಲಿ ಬಿಸಿಯಾದಾಗಲೂ ಸುಮಾರು ೬ ವೋಲ್ಟ್. ಈಗಿನ ಇನ್ವರ್ಟರ್ ಯಂತ್ರಗಳು ವೋಲ್ಟೇಜು ಕುಗ್ಗಿದರೆ ಆ ಕೊರತೆಯನ್ನು ತುಂಬಲು ಹೆಚ್ಚು ಪ್ರವಾಹವನ್ನು ಎಳೆಯುತ್ತವೆ. ತೆಳ್ಳನೆಯ ತಂತಿ ತನ್ನ ಹೊರೆಯನ್ನು ತಾನೇ ಹೆಚ್ಚಿಸಿಕೊಂಡಂತಾಯಿತು.

ಜೋಡಣೆಗಳ ವಿಷಯದಲ್ಲಿಯೂ ಜೂಲನ ನಿಯಮವನ್ನು ಮರೆಯಬಾರದು. ಸಡಿಲವಾದ ತಿರುಪಿನಡಿ ೦.೦೫ ಓಮಿನ ರೋಧವಿದ್ದರೆ ೩೦ ಆಂಪಿಯರಿಗೆ ೪೫ ವ್ಯಾಟ್ ಶಾಖ, ಅದೂ ಹೆಬ್ಬೆರಳ ತುದಿಯಷ್ಟು ಜಾಗದಲ್ಲಿ! ರೇಡಿಯೊ ರಿಪೇರಿಯವನ ಬೆಸುಗೆ ಹಾಕುವ ಕಡ್ಡಿಯನ್ನು ಹಲಗೆಯೊಳಗೆ ಹೊತ್ತಿಸಿಟ್ಟಂತೆಯೇ ಸರಿ. ನಡುವೆ ಗಂಟು ಹಾಕದ ಒಂದೇ ತುಂಡಿನ ತಂತಿ, ಬಿಗಿಯಾದ ತಿರುಪು, ೩೨ ಆಂಪಿಯರಿಗೆ ತಕ್ಕ ಕೈಗಾರಿಕಾ ಸಾಕೆಟ್ಟು, ಇವು ಆದುದರಿಂದಲೇ ಅವಶ್ಯ.

ಭೂಮಿಯ ಪಾತ್ರ

ಇಲ್ಲಿಯವರೆಗೆ ತಂತಿಯನ್ನು ಕಾಪಾಡಿದೆವು. ಮನುಷ್ಯನನ್ನು ಕಾಪಾಡುವವರಾರು? ವಿಚ್ಛೇದಕವೆಂದು ಅನೇಕರು ನಂಬಿದ್ದಾರೆ. ಈ ನಂಬಿಕೆ ಎಷ್ಟು ಅಪಾಯಕರವೆಂಬುದನ್ನು ನೋಡೋಣ.

ಯಂತ್ರದೊಳಗೆ ಅವಾಹಕ ಕೆಟ್ಟು ೨೩೦ ವೋಲ್ಟಿನ ತಂತಿ ಕಬ್ಬಿಣದ ಕವಚಕ್ಕೆ ತಾಗಿತೆನ್ನೋಣ. ಕವಚವನ್ನು ಭೂಮಿಗೆ ಜೋಡಿಸಿದ್ದರೆ ಪ್ರವಾಹ ನೆಲದ ಮೂಲಕ ಪರಿವರ್ತಕಕ್ಕೆ ಮರಳುತ್ತದೆ. ಆ ಪ್ರವಾಹ ಎಷ್ಟೆಂಬುದನ್ನು ನಿರ್ಧರಿಸುವುದು ನೆಲದ ರೋಧ. ಮೂರು ಮೀಟರ್ ಉದ್ದದ ಕಡ್ಡಿಯೊಂದನ್ನು ಹಸಿಯಾದ ಎರೆಮಣ್ಣಿನಲ್ಲಿ ಹೂತರೆ ಅದರ ರೋಧ ಮೂರು-ನಾಲ್ಕು ಓಮಿನಷ್ಟು ಇರಬಹುದು. ಆದರೆ ಎರೆಮಣ್ಣು ಬೇಸಗೆಯಲ್ಲಿ ಒಣಗಿ, ಕೈ ತೂರುವಷ್ಟು ಅಗಲವಾಗಿ ಬಿರುಕು ಬಿಟ್ಟು, ಕಡ್ಡಿಯಿಂದ ದೂರ ಸರಿಯುತ್ತದೆ. ಇನ್ನು ಈ ಸೀಮೆಯ ಅನೇಕ ಕಡೆ ಮಣ್ಣಿನ ಪದರ ತೆಳುವು. ಅದರಡಿಯಲ್ಲಿ ಶಹಾಬಾದಿನ ಫರಸಿಕಲ್ಲೆಂದು ಹೆಸರಾದ ಸುಣ್ಣಕಲ್ಲಿನ ಹಾಸುಗಳು. ನಮ್ಮ ನೆಲಕ್ಕೆ ಹಾಸಾಗಿ, ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಿಗೆ ಸಿಮೆಂಟಿನ ಮೂಲವಸ್ತುವಾಗಿ ಉಪಕರಿಸುವ ಕಲ್ಲು ಭೂಸಂಪರ್ಕಕ್ಕೆ ಮಾತ್ರ ಅನನುಕೂಲ. ಒಣ ಸುಣ್ಣಕಲ್ಲಿನ ನಿರ್ದಿಷ್ಟ ರೋಧ ಸಾವಿರ ಓಮ್-ಮೀಟರ್ ಇದ್ದರೆ ಅದೇ ಕಡ್ಡಿಯ ರೋಧ ೩೦೦ ಓಮನ್ನು ಮೀರುತ್ತದೆ.

ಉತ್ತಮ ಸ್ಥಿತಿಯನ್ನೇ ತೆಗೆದುಕೊಳ್ಳೋಣ. ಶೆಡ್ಡಿನ ಭೂಸಂಪರ್ಕ ೧೦ ಓಮ್, ಪರಿವರ್ತಕದ್ದು ೨ ಓಮ್. ೨೩೦ನ್ನು ೧೨ರಿಂದ ಭಾಗಿಸಿದರೆ ೧೯ ಆಂಪಿಯರ್. ೩೨ ಆಂಪಿಯರಿನ ವಿಚ್ಛೇದಕಕ್ಕೆ ಇದು ಲೆಕ್ಕಕ್ಕೇ ಇಲ್ಲ. ಅದು ಎಂದೆಂದಿಗೂ ಕಡಿಯುವುದಿಲ್ಲ. ಅಷ್ಟು ಹೊತ್ತೂ ಯಂತ್ರದ ಕವಚದ ಮೇಲೆ ೧೯ನ್ನು ೧೦ರಿಂದ ಗುಣಿಸಿದಷ್ಟು, ಅಂದರೆ ಸುಮಾರು ೧೯೦ ವೋಲ್ಟ್ ನಿಂತಿರುತ್ತದೆ. ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಬೆವರಿನಿಂದ ತೊಯ್ದ ಕೈ ಅದರ ಮೇಲೆ ಬಿದ್ದರೆ ದೇಹದ ರೋಧ ಸಾವಿರ ಓಮಿನ ಆಸುಪಾಸಿಗೆ ಇಳಿದಿರುತ್ತದೆ. ಬರಿಗಾಲಿನವನ ಮೈಯಲ್ಲಿ ನೂರಕ್ಕೂ ಹೆಚ್ಚು ಮಿಲಿಆಂಪಿಯರ್ ಹರಿಯಬಹುದು. ಸುಮಾರು ೧೬ ಮಿಲಿಆಂಪಿಯರಿಗೇ ಸಾಮಾನ್ಯ ಗಂಡಸಿನ ಕೈ ಹಿಡಿದುದನ್ನು ಬಿಡಲಾರದಾಗುತ್ತದೆಂದು ಅಮೆರಿಕದ ಚಾರ್ಲ್ಸ್ ಡಾಲ್‌ಜೀಲ್ ಪ್ರಯೋಗಗಳಿಂದ ಕಂಡುಕೊಂಡಿದ್ದನು. ನೂರು ಮಿಲಿಆಂಪಿಯರ್ ಕೆಲವು ಕ್ಷಣ ಎದೆಯ ಮೂಲಕ ಹರಿದರೆ ಹೃದಯದ ಬಡಿತದ ಲಯವೇ ಕೆಡುತ್ತದೆ.

ಕೆಲವರು ಇದಕ್ಕೆ ಸುಲಭೋಪಾಯವೆಂದು ಯಂತ್ರದ ಕವಚವನ್ನು ತಟಸ್ಥ ತಂತಿಗೆ, ಎಂದರೆ ನ್ಯೂಟ್ರಲಿಗೆ, ಸೇರಿಸುತ್ತಾರೆ. ಇದು ಸಲ್ಲದು. ಕಂಬದಲ್ಲೆಲ್ಲೋ ಗಾಳಿಗೆ ಆ ತಂತಿ ಕಡಿದುಹೋದರೆ ಮನೆಯ ದೀಪಗಳ ಮೂಲಕ ೨೩೦ ವೋಲ್ಟೂ ಕವಚಕ್ಕೆ ಬಂದು ನಿಲ್ಲುತ್ತದೆ. ಯಂತ್ರದಲ್ಲಿ ಯಾವ ದೋಷವೂ ಇಲ್ಲದೆ ಮುಟ್ಟಿದವನು ಬಲಿಯಾಗುತ್ತಾನೆ.

ಸರಿಯಾದ ಉಪಾಯ ಬೇರೆ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಒಂದು ಕಾಂತೀಯ ಉಂಗುರದೊಳಗೆ ಹಾಯಿಸಿದರೆ, ಎರಡರ ಪ್ರವಾಹವೂ ಸಮವಾಗಿರುವ ತನಕ ಅವುಗಳ ಕಾಂತಪರಿಣಾಮ ಒಂದನ್ನೊಂದು ಅಳಿಸಿಹಾಕುತ್ತದೆ. ಒಂದಿಷ್ಟು ಪ್ರವಾಹ ನೆಲಕ್ಕೆ ಸೋರಿದ ಕೂಡಲೆ ಸಮತೆ ತಪ್ಪಿ, ಉಂಗುರಕ್ಕೆ ಸುತ್ತಿದ ಸುರುಳಿಯಲ್ಲಿ ವಿದ್ಯುತ್ ಪ್ರೇರಣೆಗೊಂಡು, ಸ್ವಿಚ್ಚು ಸಿಡಿದು ತೆರೆದುಕೊಳ್ಳುತ್ತದೆ. ಡಾಲ್‌ಜೀಲನೇ ೧೯೬೧ರಲ್ಲಿ ಮನುಷ್ಯರಕ್ಷಣೆಗೆ ತಕ್ಕ ಸೂಕ್ಷ್ಮತೆಯ ಇಂಥದೊಂದು ಸಾಧನವನ್ನು ರೂಪಿಸಿದನು. ಈಗ ಇದು ಆರ್‌ಸಿಸಿಬಿ ಎಂಬ ಹೆಸರಿನಲ್ಲಿ ಎಲ್ಲೆಡೆ ದೊರೆಯುತ್ತದೆ. ನಾವು ಸೋರಿಕೆ ವಿಚ್ಛೇದಕವೆನ್ನೋಣ. ೩೦ ಮಿಲಿಆಂಪಿಯರಿನ ಸೋರಿಕೆಗೆ ಅದು ಸೆಕೆಂಡಿನ ಒಂದು ಭಾಗದಲ್ಲಿ ಕಡಿಯುತ್ತದೆ.

ಇದರ ಮಹತ್ತ್ವ ನಮ್ಮ ಕಲ್ಲುನೆಲದಲ್ಲಿ ಎದ್ದುಕಾಣುತ್ತದೆ. ಫರಸಿಯ ಮೇಲಣ ಕಡ್ಡಿಯ ರೋಧ ೩೩೫ ಓಮ್ ಇದ್ದರೂ ಸೋರುವ ಪ್ರವಾಹ ೨೩೦ ಭಾಗಿಸು ೩೩೭, ಎಂದರೆ ಸುಮಾರು ೬೮೦ ಮಿಲಿಆಂಪಿಯರ್. ಬೇಕಾದುದಕ್ಕಿಂತ ಇಪ್ಪತ್ತು ಮಡಿಗೂ ಹೆಚ್ಚು! ಸಾಧಾರಣ ವಿಚ್ಛೇದಕಕ್ಕೆ ಹತ್ತು ಓಮಿನ ನೆಲವೂ ಸಾಲದಾಗಿದ್ದಲ್ಲಿ, ಸೋರಿಕೆ ವಿಚ್ಛೇದಕಕ್ಕೆ ಕಲ್ಲೂ ಸಾಕು. ಹಾಗೆಂದು ಭೂಸಂಪರ್ಕವನ್ನು ಅಲಕ್ಷ್ಯ ಮಾಡಬಾರದು. ಕವಚಕ್ಕೆ ಭೂತಂತಿಯೇ ಇಲ್ಲದಿದ್ದರೆ ಸೋರಿಕೆಗೆ ಮೊದಲ ದಾರಿ ಮುಟ್ಟಿದವನ ಮೈಯೇ ಆಗುತ್ತದೆ. ಮಣ್ಣು ಆಳವಾಗಿರುವ ಕಡೆ, ತೇವ ನಿಲ್ಲುವ ಕಡೆ ಗುಂಡಿ ತೋಡಿ, ಬೇಸಗೆಯಲ್ಲಿ ಆಗಾಗ ನೀರುಣಿಸಿ, ಅದರ ರೋಧವನ್ನು ಮಳೆಗಾಲದಲ್ಲಲ್ಲ, ಮೇ ತಿಂಗಳಲ್ಲಿ ಅಳೆಯಿಸಬೇಕು. ಇನ್ವರ್ಟರ್ ಯಂತ್ರಗಳಿಗೆ ಸೋರಿಕೆ ವಿಚ್ಛೇದಕದ ‘ಎ’ ಮಾದರಿ ತಕ್ಕುದು. ಅದರ ಪರೀಕ್ಷಾಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿನೋಡಬೇಕು.

ಯಾವ ಕಾವಲೂ ಇಲ್ಲದ ಕಡೆ

ಇಷ್ಟೆಲ್ಲ ಮಾಡಿದ ಮೇಲೂ ಒಂದು ಎಡೆಯಲ್ಲಿ ಈ ಕಾವಲುಗಾರರಾರೂ ನೆರವಿಗೆ ಬಾರರು. ಚಾಪ ಹೊತ್ತದೆ ಸುಮ್ಮನಿರುವಾಗ ಕಡ್ಡಿಯ ಹಿಡಿಗೂ ಕೆಲಸದ ಕಬ್ಬಿಣಕ್ಕೂ ನಡುವೆ ೫೦ರಿಂದ ೮೦ ವೋಲ್ಟ್ ಇರುತ್ತದೆ. ಪರಿವರ್ತಕದ ಎರಡನೆಯ ಸುರುಳಿ ಮೊದಲನೆಯದರಿಂದ ಪ್ರತ್ಯೇಕವಾಗಿರುವುದರಿಂದ ಅಲ್ಲಿ ಮೈ ಮೂಲಕ ಹರಿಯುವ ಪ್ರವಾಹ ಸೋರಿಕೆ ವಿಚ್ಛೇದಕದ ಗಮನಕ್ಕೆ ಬರುವುದೇ ಇಲ್ಲ. ಒಣ ಚರ್ಮಕ್ಕೆ ಈ ವೋಲ್ಟೇಜು ಬರಿಯ ಚುರುಕೆನಿಸಬಹುದು. ಬೆವರಿಳಿಯುವ ಮೈಯಲ್ಲಿ, ಕಬ್ಬಿಣದ ಟ್ರಾಲಿಯ ಮೇಲೆಯೇ ಕುಳಿತು ಬರಿಗೈಯಲ್ಲಿ ಕಡ್ಡಿ ಬದಲಿಸುವವನಿಗೆ ಅದು ಪ್ರಾಣಾಂತಿಕವಾಗಬಲ್ಲುದು. ಅಲ್ಲಿ ರಕ್ಷಣೆ ಒಣ ತೊಗಲಿನ ಕೈಗವಸು, ರಬ್ಬರ್ ಅಟ್ಟೆಯ ಜೋಡು, ಕಾಲಡಿಗೊಂದು ಒಣ ಮರದ ಹಲಗೆ, ಇಷ್ಟೆ.

ಯೋಚಿಸಿ ನೋಡಿದರೆ ಬೆಸುಗೆಯ ಕೆಲಸ ಹೆಚ್ಚಾಗಿ ಬರುವ ತಿಂಗಳೇ ಎಲ್ಲ ಬಗೆಯಿಂದಲೂ ಪ್ರತಿಕೂಲವಾದ ತಿಂಗಳು. ಗಾಳಿ ಕಾದು ತಂತಿಯ ಬಲ ಕುಗ್ಗಿರುತ್ತದೆ. ನೆಲ ಒಣಗಿ ಭೂಸಂಪರ್ಕ ಕ್ಷೀಣಿಸಿರುತ್ತದೆ. ಮೈ ಬೆವತು ದೇಹದ ರೋಧ ಇಳಿದಿರುತ್ತದೆ. ಜನವರಿಯಲ್ಲಿ ಜೋಡಿಸಿ, ‘ಚೆನ್ನಾಗಿ ನಡೆಯುತ್ತಿದೆ’ ಎಂದು ನಂಬಿದ ವ್ಯವಸ್ಥೆ ಮೇ ತಿಂಗಳಲ್ಲಿ ಕೈಕೊಡುವುದು ಇದರಿಂದಲೇ. ಇಂಥ ಜೋಡಣೆಯ ಕೆಲಸವನ್ನು ಪರವಾನಗಿ ಪಡೆದ ಕಸಬುದಾರನಿಂದಲೇ ಮಾಡಿಸಬೇಕು. ಹಲಗೆಯನ್ನು ಬಿಚ್ಚುವ ಸಾಹಸ ವಿದ್ಯಾರ್ಥಿಗಳಿಗೆ ಬೇಡ. ಆದರೆ ಅವನು ತಂತಿಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ಮೂರು: ಈ ತಂತಿ ಮೇ ತಿಂಗಳ ಬಿಸಿಲಿನಲ್ಲಿ ಎಷ್ಟು ಹೊರುತ್ತದೆ? ಅದನ್ನು ಕಾಯುವ ವಿಚ್ಛೇದಕ ಎಷ್ಟನ್ನು ಬಿಡುತ್ತದೆ? ಕವಚಕ್ಕೆ ವಿದ್ಯುತ್ ತಾಗಿದರೆ ಅದನ್ನು ಕಡಿಯುವುದು ಯಾವುದು? ಮೂರಕ್ಕೂ ಅವನು ಅಂಕಿಗಳಲ್ಲಿ ಉತ್ತರ ಹೇಳಿದರೆ ಕೆಲಸ ಪ್ರಾರಂಭವಾಗಲಿ. ಹೇಳದಿದ್ದರೆ ಒಂದು ದಿನ ತಡವಾದರೂ ಚಿಂತೆಯಿಲ್ಲ. ಬಿತ್ತನೆಗೆ ಕೂರಿಗೆ ಎಷ್ಟು ಮುಖ್ಯವೋ ಅದನ್ನು ಹಿಡಿಯುವ ಕೈಯೂ ಅಷ್ಟೇ ಮುಖ್ಯ.